ದೊರೆಯ ಪಥ್ಯ

ಮೊಲದ ಮಾಂಸ ಕೋಳಿಗಿಂತ ಮೂರು ಪಟ್ಟು ದುಬಾರಿ. ಅದರ ಜೊತೆ ಕಲಸಿಕೊಡಿ ಅಂತ ಡಾಕ್ಟ್ರಮ್ಮ ಕೊಟ್ಟ ಸತ್ವದ ಬಿಳಿ ಪುಡಿಯ ಡಬ್ಬಿಗೆ ಸೊಸೆಯ ಒಂದು ದಿನದ ಸಂಬಳ ಹೋಯಿತು. ನೋಡಿದ್ದಕ್ಕೆ ಫೀಸು ಬೇರೆ, ಗಾಯಕ್ಕೆ ಹಚ್ಚುವ ಮುಲಾಮು ಬೇರೆ. ಕೆರೆದುಕೊಳ್ಳದಿರಲಿ ಅಂತ ಕುತ್ತಿಗೆಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯೂ ಬೇರೆ. ಅದನ್ನಂತೂ ಬೆಕ್ಕು ಮೊದಲ ದಿನವೇ ಮಂಚದ ಕಾಲಿಗೆ ಉಜ್ಜಿ ಉಜ್ಜಿ ಸೀಳಿಹಾಕಿತ್ತು. ಎಲ್ಲ ಕೂಡಿಸಿದರೆ ಹೋದ ವರ್ಷ ಸೂರು ರಿಪೇರಿ ಮಾಡಿಸಿದ್ದಕ್ಕಿಂತ ಕೊಂಚ ಕಮ್ಮಿ.

"ಸೂರು ಸೋರೋದಾದ್ರೂ ನಿಂತಿತು," ಅಂದ ಮಗ. "ಇದರ ಕೆರೆತ ನಿಲ್ತಾ?"

ಅವನ ತಾಯಿ ಸೌಟಮ್ಮನಿಗೆ ದುಡ್ಡಿಗಿಂತ ಬೇರೊಂದು ಮಾತು ಚುಚ್ಚಿತ್ತು. ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ನಾನ್ನೂರು ಜನಕ್ಕೆ ಬಡಿಸಿದವಳು ಅವಳು. ಅಲ್ಲಿಂದಲೇ ಬಂದ ಹೆಸರು ಸೌಟಮ್ಮ. ನಿವೃತ್ತಿಯಾಗಿ ಮನೆಗೆ ಬಂದರೂ ಹೆಸರು ಬಿಡಲಿಲ್ಲ, ಸೌಟೂ ಬಿಡಲಿಲ್ಲ. ಅಂಥವಳ ಅಡುಗೆಮನೆಗೆ ಮೊಮ್ಮಗಳು ಬಂದು, "ಅಜ್ಜಿ, ದೊರೆಗೆ ಆಗಿರೋದು ಚರ್ಮದ ರೋಗ ಅಲ್ವಂತೆ. ಅವನು ತಿನ್ನೋ ಯಾವುದೋ ಒಂದು ಅವನ ಮೈಗೆ ಆಗ್ತಿಲ್ಲವಂತೆ. ಇವತ್ತಿಂದ ನಮ್ಮನೆ ಊಟ ಬಂದ್," ಅಂದಿದ್ದಳು.

ದೊರೆ ಅಂದರೆ ಬೆಕ್ಕು. ಕೆಂಚು ಬಣ್ಣ, ಅಗಲ ಮುಖ. ಮೊಮ್ಮಗಳು ಕಾಲೇಜಿನ ಹಿತ್ತಲಿನಿಂದ ಚೀಲದಲ್ಲಿ ಹಾಕಿಕೊಂಡು ತಂದಾಗ ಅಂಗೈಯಷ್ಟಿತ್ತು. ಈಗ ಕಿವಿಯ ಬುಡದಲ್ಲಿ ಹುಣ್ಣು, ಕುತ್ತಿಗೆಯ ಸುತ್ತ ಒಣಗಿದ ಹಕ್ಕಳೆ. ನೆಕ್ಕಿ ನೆಕ್ಕಿ ಹೊಟ್ಟೆಯ ಕೂದಲೆಲ್ಲ ಬೋಳಾಗಿತ್ತು. ಸೋಫಾದ ಮೇಲೆಲ್ಲ ಅದರ ಹಕ್ಕಳೆ ಉದುರುತ್ತಿತ್ತು.

"ನನ್ನ ಕೈ ಊಟ ತಿಂದು ಕೆಟ್ಟೋರು ಇನ್ನೂ ಹುಟ್ಟಿಲ್ಲ," ಅಂದಳು ಸೌಟಮ್ಮ.

"ಊಟ ಕೆಟ್ಟದ್ದು ಅಂತಲ್ಲ ಅಜ್ಜಿ. ಅವನಿಗೆ ಆಗಲ್ಲ ಅಷ್ಟೆ. ಅವನು ಯಾವತ್ತೂ ತಿಂದಿರದ ಒಂದೇ ಒಂದು ಮಾಂಸ, ಎರಡು ತಿಂಗಳು. ಹಾಲಿಲ್ಲ, ಮೀನಿಲ್ಲ, ಕೋಳಿ ಇಲ್ಲ, ಅಂಗಡಿ ಡಬ್ಬಿ ಊಟ ಇಲ್ಲ. ಗಾಯ ವಾಸಿಯಾದ್ರೆ ಆಮೇಲೆ ಒಂದೊಂದೇ ಕೊಟ್ಟು ನೋಡೋದು."

"ಉಪ್ಪು?"

"ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಅಂತೂ ಬೆಕ್ಕಿಗೆ ವಿಷ."

"ಅದು ಊಟ ಅಲ್ಲ ಕಣೇ, ಶಿಕ್ಷೆ."

ಮೊದಲ ವಾರ ಮೊಮ್ಮಗಳೇ ಮೊಲದ ಮಾಂಸ ಬೇಯಿಸಿ ಬಟ್ಟಲಿಗೆ ಹಾಕಿದಳು. ದೊರೆ ಮೂಸಿ ನೋಡಿ, ನೆಲ ಕೆರೆದು, ಹೇಸಿಗೆ ಮುಚ್ಚುವಂತೆ ಮುಚ್ಚುವ ನಾಟಕ ಆಡಿ, ಸೌಟಮ್ಮನ ಕಾಲಿಗೆ ಬಂದು ಸುತ್ತಿಕೊಂಡಿತು. ಮುದುಕಿ ಹಾಲಿನ ಪಾತ್ರೆಯ ಕೆನೆಯನ್ನು ಬೆರಳಲ್ಲಿ ತೆಗೆದು ನೆಕ್ಕಿಸಿದಳು. ಮಾರನೆಯ ದಿನವೂ ನೆಕ್ಕಿಸಿದಳು. ನಾಲ್ಕನೆಯ ದಿನ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಜ್ಜೀ!"

"ಹೌದು, ಕೊಟ್ಟೆ. ಕದ್ದು ಕೊಟ್ಟಿಲ್ಲ, ನನ್ನ ಮನೆ ಹಾಲು, ನನ್ನ ಬೆರಳು. ಏನೀಗ?"

"ಏನೀಗ ಅಂದ್ರೆ ಎಣಿಕೆ ಮತ್ತೆ ಮೊದಲಿಂದ. ಮೊಲದ ದುಡ್ಡು ನೀರಿಗೆ."

ಸಂಜೆ ಊಟದ ಮೇಜಿನಲ್ಲಿ ಈ ವಿಷಯ ಬಂತು. ಸೊಸೆ ಬಸ್ ನಿಲ್ದಾಣದ ಟಿಕೆಟ್ ಕಿಂಡಿಯಲ್ಲಿ ಎಂಟು ಗಂಟೆ ಕೂತು, ಜಗಳಗಂಟ ಪ್ರಯಾಣಿಕರಿಗೆಲ್ಲ ಚಿಲ್ಲರೆ ಕೊಟ್ಟು ಬಂದವಳು. ತಟ್ಟೆ ಸರಿಸಿ ಹೇಳಿದಳು: "ಅತ್ತೆ, ನನಗೂ ಆ ಪ್ರಾಣಿ ಮೇಲೆ ದ್ವೇಷ ಇಲ್ಲ. ಆದ್ರೆ ದಿನಾ ಬಂದು ಸೋಫಾ ಉಜ್ಜೋಕೆ ನನ್ನ ಕೈಲಾಗಲ್ಲ. ಗೋದಾಮಿನ ಕಾವಲುಗಾರ ಒಂದು ಬೆಕ್ಕು ಬೇಕು ಅಂತ ಕೇಳ್ತಿದ್ದ. ಎರಡು ತಿಂಗಳು ನೋಡ್ತೀನಿ. ಆಗಿಲ್ಲ ಅಂದ್ರೆ ಅಲ್ಲಿಗೆ."

"ಅಲ್ಲಿ ಇಲಿ ತಿಂದು, ಎಂಜಲು ತಿಂದು ಮೈಯೆಲ್ಲ ಹುಣ್ಣಾಗಿ ಸಾಯುತ್ತೆ," ಅಂದಳು ಮೊಮ್ಮಗಳು.

"ಅದಕ್ಕೇ ಎರಡು ತಿಂಗಳು ಅಂದಿದ್ದು."

ಮಗ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ. ಅವನು ಕುರ್ಚಿ ಮೇಸ್ತ್ರಿ. ಮನೆಯ ಕೆಳಗಡೆಯೇ ಅವನ ಅಂಗಡಿ. ಕಾಲು ಮುರಿದ, ಬೆನ್ನು ಸಡಿಲಾದ ಹಳೇ ಕುರ್ಚಿಗಳು ಊರಿನ ನಾಲ್ಕೂ ಕಡೆಯಿಂದ ಅವನ ಹತ್ತಿರ ಬರುತ್ತಿದ್ದವು. "ರೋಗದ ಗಂಟು ಮನೇಲಿಟ್ಕೊಂಡು ಕೂತಿದ್ದೀವಿ," ಅಂದ. "ನನ್ನ ಕೇಳಿದ್ರೆ ಇವತ್ತೇ ಕಳಿಸ್ತಿದ್ದೆ."

ಮರುದಿನ ಸೌಟಮ್ಮ ತಾನೇ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಡಾಕ್ಟ್ರಮ್ಮನ ಹತ್ತಿರ ಹೋದಳು. ಜಗಳ ಆಡಲೆಂದೇ ಹೋದದ್ದು.

"ಒಂದು ಬೆರಳು ಕೆನೆಗೆ ಇಷ್ಟು ದೊಡ್ಡ ಪ್ರಾಣಿ ಕೆಡುತ್ತಾ, ಹೇಳಿ ನೋಡೋಣ."

ಡಾಕ್ಟ್ರಮ್ಮ ನಗಲಿಲ್ಲ, ಗದರಲೂ ಇಲ್ಲ. ದೊರೆಯ ಕಿವಿ ಮಡಚಿ ತೋರಿಸಿದಳು. ಮುಲಾಮಿಗೆ ಒಣಗಲು ಶುರುವಾಗಿದ್ದ ಗಾಯ ಮತ್ತೆ ಒಸರುತ್ತಿತ್ತು. "ಕ್ಯಾಂಟೀನಲ್ಲಿ ಇದ್ರಿ ಅಂತ ನಿಮ್ಮ ಮೊಮ್ಮಗಳು ಹೇಳಿದ್ರಲ್ಲ ಅಮ್ಮ. ಕಡಲೆಕಾಯಿ ತಿಂದ್ರೆ ಮುಖ ಊದಿಕೊಳ್ಳೋ ಜನ ನೋಡಿಲ್ವಾ?"

ಸೌಟಮ್ಮ ನೋಡಿದ್ದಳು. ಮಗ್ಗದ ವಿಭಾಗದಲ್ಲಿ ಒಬ್ಬ ಉದ್ದನೆಯವನಿದ್ದ. ಕಡಲೆಕಾಯಿ ಹುರಿದ ಬಾಣಲೆಯಲ್ಲಿ ಮಾಡಿದ್ದು ತಿಂದರೂ ಅವನ ತುಟಿ ಊದುತ್ತಿತ್ತು. ಅವನಿಗೆ ಅಂತ ಹದಿನಾರು ವರ್ಷ ಬೇರೆ ಪಾತ್ರೆ ಇಟ್ಟು, ಬೇರೆ ಸೌಟಿನಲ್ಲಿ ಬಡಿಸಿದವಳು ಅವಳೇ.

"ಹೀಗೆ ಅಂತ ಮೊದಲೇ ಹೇಳಬಾರದಿತ್ತಾ? ಮಾಂಸ ಬೇಯಿಸು ಅಂದ್ರೆ ಯಾರಿಗೆ ಅರ್ಥ ಆಗುತ್ತೆ?"

"ಇನ್ನೊಂದು ಮಾತು. ಬೆಕ್ಕಿನ ಬಾಯಿಗೆ ಹೋಗೋದೆಲ್ಲ ಊಟಾನೇ. ಕಸದ ಬುಟ್ಟಿ, ತೊಳೆಯದ ತಟ್ಟೆ, ಪಕ್ಕದ ಮನೆ ಬಟ್ಟಲು, ಎಲ್ಲ."

"ಅದು ನನಗೆ ಬಿಡಿ."

ಅಲ್ಲಿಂದ ಮುಂದೆ ಆ ಮನೆಯಲ್ಲಿ ಕ್ಯಾಂಟೀನಿನ ಕಾನೂನು ಬಂತು. ದೊರೆಗೆ ಒಂದು ಪುಟ್ಟ ಪಾತ್ರೆ, ಒಂದು ಚಾಕು, ಹಿಡಿಗೆ ಕೆಂಪು ದಾರ ಸುತ್ತಿದ ಒಂದು ಸೌಟು. ಅವು ಇರುವ ಗೂಡಿಗೆ ಬೇರೆ ಪಾತ್ರೆ ತಾಗಿದರೂ ಸೌಟಮ್ಮನ ಕಣ್ಣು ಕೆಂಪಾಗುತ್ತಿತ್ತು. ಊಟ ಮುಗಿದ ತಕ್ಷಣ ತಟ್ಟೆಗಳು ನೀರಿಗೆ. ಕಸದ ಬುಟ್ಟಿಯ ಮುಚ್ಚಳದ ಮೇಲೆ ಗುಂಡುಕಲ್ಲು. ಪಕ್ಕದ ಮನೆಯವಳಿಗೆ ಗೋಡೆಯ ಮೇಲಿಂದಲೇ ಕೂಗಿ ಹೇಳಿದಳು: "ನಮ್ಮ ದೊರೆ ಬಂದ್ರೆ ಮುದ್ದು ಮಾಡು, ಬೇಡ ಅನ್ನಲ್ಲ. ಬಾಯಿಗೇನಾದ್ರೂ ಹಾಕಿದ್ಯೋ, ನಿನಗೂ ನನಗೂ ಮಾತಿಲ್ಲ."

ಮಾಂಸದಂಗಡಿಯವನಿಗೂ ಬಿಸಿ ತಟ್ಟಿತು. "ಆ ಮರದ ತುಂಡಿನ ಮೇಲೆ ಕೊಚ್ಚಬೇಡ. ತೊಳೆದ ಚಾಕು ತಗೋ."

"ಬೆಕ್ಕಿಗಲ್ವಾ ಅಮ್ಮ? ಇಷ್ಟು ಉಪಚಾರ ನನ್ನ ಮಾವನಿಗೂ ಸಿಕ್ಕಿಲ್ಲ."

"ನಿನ್ನ ಮಾವ ಕೆರ್ಕೋತಾನಾ?"

"ಮೂಗಿನ ಮೇಲೆ ಸಿಟ್ಟಿದೆ, ಕೆರೆತ ಇಲ್ಲ."

"ಹಾಗಾದ್ರೆ ಸುಮ್ಮನೆ ಕೊಚ್ಚು."

ದೊರೆ ಎರಡು ದಿನ ಮುಷ್ಕರ ಹೂಡುವುದಕ್ಕೆ ನೋಡಿತು. ಸೌಟಮ್ಮ ಮಾಂಸವನ್ನು ಬೆಚ್ಚಗೆ ಮಾಡಿ, ಬೇಯಿಸಿದ ನೀರನ್ನೇ ಮೇಲೆ ಸುರಿದು, ಅಂಗೈಯಲ್ಲಿಟ್ಟು ಹಿಡಿದಳು. ಹಸಿವೂ ಸೇರಿ ಬೆಕ್ಕು ಸೋತಿತು. ಮೂರನೆಯ ವಾರಕ್ಕೆ ಬಟ್ಟಲು ನೆಕ್ಕಿ ಕನ್ನಡಿ ಮಾಡತೊಡಗಿತು. ಕಿವಿಯ ಗಾಯ ಒಣಗಿತು.

ಆದರೆ ಅಲ್ಲಿಗೇ ನಿಂತಿತು. ಒಂದು ವಾರ ಕುತ್ತಿಗೆ ತಿಳಿಯಾಗುವುದು, ಇನ್ನೊಂದು ವಾರ ಹೊಸ ಹಕ್ಕಳೆ ಏಳುವುದು. ಐದನೆಯ ವಾರದ ಕೊನೆಗೆ ಕೊರಳಿನ ಕೆಳಗೆ ನಾಣ್ಯದಷ್ಟಗಲ ರಕ್ತ ಬರುವಂತೆ ಕೆರೆದುಕೊಂಡಿತು. ಸೋಫಾದ ಬಿಳಿ ಹೊದಿಕೆಗೆ ಕಲೆ ಹತ್ತಿತು. ಸೊಸೆ ಅದನ್ನು ಮಡಚಿ ಊಟದ ಮೇಜಿನ ಮೂಲೆಯಲ್ಲಿ ತಂದಿಟ್ಟಳು.

"ಅತ್ತೆ, ನಿಜ ಹೇಳಿ."

"ಏನು ನಿಜ?"

"ಏನಾದ್ರೂ ಕೊಡ್ತಿದ್ದೀರಾ?"

"ಇಲ್ಲ."

ಮಗ ನಕ್ಕ. ಕೆಟ್ಟ ನಗು. "ಅಮ್ಮ, ನಿನ್ನ ಕೈ ಸುಮ್ಮನಿರೋ ಕೈ ಅಲ್ಲ. ನನಗೆ ಜ್ವರ ಬಂದು ಡಾಕ್ಟ್ರು ಬರೀ ಗಂಜಿ ಅಂದಾಗ ನೀನು ದಿಂಬಿನ ಕೆಳಗೆ ಬಿಸ್ಕತ್ತು ಇಡ್ತಿದ್ದೆ."

"ಆವಾಗ ಇಟ್ಟೆ. ಈಗ ಇಲ್ಲ ಅಂತಿದ್ದೀನಿ."

"ಕೆನೆ ಕೊಟ್ಟಾಗಲೂ..."

"ಕೆನೆ ಕೊಟ್ಟಾಗ ಕೊಟ್ಟೆ ಅಂತ ಮುಖಕ್ಕೇ ಹೇಳಿದೀನಿ. ಕೊಟ್ಟಿದ್ದನ್ನ ಕೊಟ್ಟೆ ಅನ್ನೋಳು ಕೊಡದೆ ಇದ್ದಿದ್ದನ್ನ ಇಲ್ಲ ಅಂದ್ರೆ ನಂಬಬೇಕು."

ಮೊಮ್ಮಗಳ ಕಡೆ ನೋಡಿದಳು. ಆ ಹುಡುಗಿ ಕಣ್ಣು ತಗ್ಗಿಸಿ ನೀರಿನ ಲೋಟ ತಿರುಗಿಸುತ್ತಿದ್ದಳು. ಅವಳಿಗೂ ನಂಬಿಕೆ ಇರಲಿಲ್ಲ. ಸೌಟಮ್ಮನಿಗೆ ಮೈ ಉರಿದದ್ದು ಆಗ.

"ಎರಡು ತಿಂಗಳು ಕಾಯೋದ್ರಲ್ಲಿ ಅರ್ಥ ಇಲ್ಲ. ಬರೋ ಭಾನುವಾರಕ್ಕೆ ಕಾವಲುಗಾರನಿಗೆ ಬಾ ಅಂತ ಹೇಳಿಬಿಡ್ತೀನಿ," ಅಂದಳು ಸೊಸೆ.

"ಹೇಳು. ನಾಳೆಯಿಂದ ನನ್ನ ಸೌಟು ದೊರೆಗೊಬ್ಬನಿಗೇ, ಆಮೇಲೆ ನನ್ನ ಹೊಟ್ಟೆಗೆ. ಕಳ್ಳಿ ಕೈ ಅಡುಗೆ ನೀವ್ಯಾಕೆ ಉಣ್ಣಬೇಕು? ನಿಮ್ಮದು ನೀವು ಬೇಯಿಸ್ಕೊಳ್ಳಿ."

"ಅಮ್ಮ, ಮಕ್ಕಳ ಥರ ಆಡಬೇಡ."

"ಮಕ್ಕಳ ಥರ ನನ್ನ ವಿಚಾರಣೆ ಮಾಡಿದ್ರಲ್ಲ, ಮಕ್ಕಳ ಥರಾನೇ ಆಡ್ತೀನಿ."

ಮಾರನೆಯ ಬೆಳಿಗ್ಗೆ ಒಲೆಯ ಮೇಲೆ ಪುಟ್ಟ ಪಾತ್ರೆಯೊಂದೇ ಇತ್ತು. ಮಗ ತಾನೇ ಮೊಟ್ಟೆ ಹುರಿದ. ಅರ್ಧ ಬಾಣಲೆಗೆ ಅಂಟಿತು, ಇನ್ನರ್ಧದಲ್ಲಿ ಚಿಪ್ಪು ಸಿಕ್ಕಿತು. ಸೊಸೆ ಡಬ್ಬಿಗೆ ಬ್ರೆಡ್ಡು ತುಂಬಿಕೊಂಡು ಹೋದಳು. ಸಂಜೆ ಅನ್ನ ತಳ ಹತ್ತಿತು. ಮರುದಿನ ಅನ್ನ ತಳ ಹತ್ತಲಿಲ್ಲ, ಬೇಯಲೂ ಇಲ್ಲ. ಸೌಟಮ್ಮ ಕಿಟಕಿಯ ಪಕ್ಕ ಕೂತು ತನಗೆ ಬೇಕಾದ್ದನ್ನು ಒಗ್ಗರಣೆ ಹಾಕಿ, ಘಮಘಮ ಮಾಡಿ, ನಿಧಾನಕ್ಕೆ ಉಣ್ಣುತ್ತಿದ್ದಳು. ಆ ವಾಸನೆಗೆ ಮಗ ಎರಡು ಸಲ ಮೆಟ್ಟಿಲು ಹತ್ತಿ ಬಂದು, ಬಂದ ಕಾರಣ ಹೇಳಲಾಗದೆ ನೀರು ಕುಡಿದು ಹೋದ.

ಮೂರನೆಯ ದಿನ ಸೊಸೆ ರಾಗ ಬದಲಿಸಿದಳು. "ಅತ್ತೆ, ಕಿಂಡಿಯಲ್ಲಿ ಕೂತು ಬ್ರೆಡ್ಡು ತಿಂತಿದ್ರೆ ಜೊತೆಯೋರು ಮನೇಲಿ ಏನು ಕಷ್ಟ ಅಂತ ಕೇಳ್ತಾರೆ."

"ಕಷ್ಟ ಇದೆ ಅನ್ನು. ನಂಬಿಕೆಗೆ ಬರ ಅನ್ನು."

"ನೀವೂ ಹಟ ಬಿಡಲ್ಲ ಅಂತೀರಿ."

"ಬಿಟ್ರೆ ಕೊಟ್ಟಿದ್ದೆ ಅಂತ ಒಪ್ಪಿಕೊಂಡ ಹಾಗೆ."

ಬಾಯಲ್ಲಿ ಬೆಂಕಿಯಿದ್ದರೂ ಒಳಗೆ ಅಳುಕು ಶುರುವಾಗಿತ್ತು. ಭಾನುವಾರ ಹತ್ತಿರ ಬರುತ್ತಿತ್ತು. ತಾನು ಕೊಡುತ್ತಿಲ್ಲ, ಸರಿ. ಹಾಗಾದರೆ ಕೊಡುತ್ತಿರುವುದು ಯಾರು? ಕೂತಲ್ಲೇ ಯೋಚಿಸಿದರೆ ತಿಳಿಯುವ ಮಾತಲ್ಲ ಅಂತ, ಗುರುವಾರ ಮಧ್ಯಾಹ್ನ ದೊರೆ ಬಟ್ಟಲು ನೆಕ್ಕಿ ಮುಖ ತೊಳೆದು ಹೊರಟಾಗ ಸೌಟಮ್ಮ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು.

ಬೆಕ್ಕಿನ ಹಿಂದೆ ಹೋಗುವುದು ಮಂಡಿನೋವಿನ ಹೆಂಗಸಿಗೆ ಸುಲಭವಲ್ಲ. ಅದು ಪಕ್ಕದ ಮನೆಯ ತೊಟ್ಟಿಯ ಮುಚ್ಚಳದ ಮೇಲೆ ಬಿಸಿಲು ಕಾಯಿಸಿತು. ಇವಳು ಗೋಡೆಗೆ ಒರಗಿ ನಿಂತಳು. ಪಕ್ಕದ ಮನೆಯವಳು, "ನೋಡಿ, ನಾನೇನೂ ಕೊಟ್ಟಿಲ್ಲ!" ಅಂತ ಎರಡೂ ಕೈ ತೋರಿಸಿದಳು. ಇವಳು ಬಾಯಿ ಮೇಲೆ ಬೆರಳಿಟ್ಟಳು. ಬೆಕ್ಕು ಎದ್ದಿತು, ಮೈ ಮುರಿಯಿತು, ಹೊರಗಿನ ಮೆಟ್ಟಿಲು ಇಳಿಯಿತು. ಅಂಗಡಿಯ ಹಿಂದಿನ ಕಿಟಕಿಯಿಂದ ಒಳಗೆ ಹಾರಿತು.

ಸೌಟಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಎಷ್ಟೋ ವರ್ಷದಿಂದ ಆ ಅಂಗಡಿಗೆ ಅವಳು ಕಾಲಿಟ್ಟಿರಲಿಲ್ಲ. ಕಿಟಕಿಯಲ್ಲಿ ಇಣುಕಿದಳು.

ಮಗ ಸಣ್ಣ ಒಲೆಯ ಮುಂದೆ ಕೂತಿದ್ದ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಚಿಕ್ಕ ಪಾತ್ರೆ, ಅದರಲ್ಲಿ ಬೆಲ್ಲದ ಪಾಕದಂಥ ಕಂದು ಅಂಟು. ಹಳೇ ಕುರ್ಚಿಗಳಿಗೆ ಅವನು ಡಬ್ಬಿಯ ಬಿಳಿ ಅಂಟು ಮುಟ್ಟಿಸುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಒಂದು ಹನಿ ತೆಗೆದುಕೊಂಡು ಬೆರಳು ಕೂಡಿಸಿ ಬಿಡಿಸಿ ನೋಡಿದ. ಎಳೆ ಬಂತು. ಹದ ಸರಿಯಿದೆ ಅಂತ ತಲೆಯಾಡಿಸಿ, ಕುರ್ಚಿಯ ಕಾಲಿನ ಮೇಲಿಂದ ಕಣ್ಣು ತೆಗೆಯದೆಯೇ ಆ ಕೈಯನ್ನು ಕೆಳಗೆ ಇಳಿಬಿಟ್ಟ. ದೊರೆ ಹಿಂಗಾಲಲ್ಲಿ ನಿಂತು ಅವನ ಬೆರಳನ್ನು ಒಂದೊಂದಾಗಿ ನೆಕ್ಕಿತು. ಬೇರೆ ಮೇಸ್ತ್ರಿಗಳು ಒದ್ದೆ ಬಟ್ಟೆ ಇಟ್ಟುಕೊಳ್ಳುತ್ತಾರೆ. ಇವನಿಗೆ ಬೆಕ್ಕೇ ಬಟ್ಟೆ.

"ನೆಕ್ಕು ದೊರೆ, ನೆಕ್ಕು," ಅನ್ನುತ್ತಿದ್ದ, ಮೇಲಿನ ಮನೆಯಲ್ಲಿ ಯಾರೂ ಕೇಳಿರದ ಮೆತ್ತನೆಯ ದನಿಯಲ್ಲಿ. "ನಿನಗೆ ಉಪ್ಪಿಲ್ಲ, ನನಗೆ ಊಟಾನೇ ಇಲ್ಲ. ಭಾನುವಾರ ನೀನೂ ಹೋಗ್ತೀಯ. ಆಮೇಲೆ ಇಲ್ಲಿ ನನ್ನ ಹತ್ತಿರ ಯಾರು ಕೂರ್ತಾರೆ, ಹೇಳು."

ಸೌಟಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಮಗ ಕೈಯನ್ನು ಬೆನ್ನ ಹಿಂದೆ ಅಡಗಿಸಿದ, ಐವತ್ತರ ಹತ್ತಿರದ ಗಂಡಸು.

"ಅದೇನದು ಪಾತ್ರೆಯಲ್ಲಿ?"

"ಅಂಟು ಅಮ್ಮ. ಊಟ ಅಲ್ಲ. ಅಂಟು."

"ಯಾವುದರಿಂದ ಮಾಡೋದು?"

"ಮರ ಅಂಟಿಸೋಕೆ..."

"ಯಾತಕ್ಕೆ ಅಂತ ಕೇಳಲಿಲ್ಲ. ಯಾವುದರಿಂದ?"

"ಮೂಳೆ ಕುದಿಸಿ. ಚರ್ಮ, ಮೂಳೆ."

"ಯಾವ ಪ್ರಾಣೀದು?"

ಮಗ ಪಾತ್ರೆ ನೋಡಿದ. ಬೆಕ್ಕು ನೋಡಿದ. ಮುಖದ ಬಣ್ಣ ಇಳಿಯಿತು. "ದನದ್ದು," ಅಂದ, ತನಗೇ ಹೇಳಿಕೊಂಡ ಹಾಗೆ. "ಅಯ್ಯೋ. ದನದ್ದು."

"ಎಷ್ಟು ವರ್ಷದಿಂದ ಕೈ ತೊಳೆಸ್ಕೊಳ್ತಿದ್ದೀಯ ಇವನ ಹತ್ತಿರ?"

"ಬಂದಾಗಿಂದ. ಮರಿಯಿದ್ದಾಗಿಂದ." ಮಾತು ತೊದಲಿತು. "ನನಗೆ ಇದು ತಿನ್ನೋದು ಅಂತ ಹೊಳೀಲೇ ಇಲ್ಲ ಅಮ್ಮ. ದಿನಾ ಮಾಡೋ ಕೆಲಸ. ಕೈ ತಾನಾಗೇ ಕೆಳಗೆ ಹೋಗುತ್ತೆ."

"ನಿನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತುಬಿದ್ದಿದೆ, ನೀನು ನನ್ನ ತಟ್ಟೆಯ ನೊಣ ಹುಡುಕ್ತಿದ್ದೆ."

"ತಪ್ಪಾಯ್ತು."

"ಇಲ್ಲಿ ನನ್ನೊಬ್ಬಳಿಗೆ ಬೇಡ. ಕಳ್ಳಿ ಅಂದಿದ್ದು ಮೇಜಿನ ಮುಂದೆ. ಸಂಜೆ ಮೇಜಿನ ಮುಂದೆ ಹೇಳು." ಬಾಗಿ ದೊರೆಯನ್ನು ಎತ್ತಿಕೊಂಡು, ನೋಯುವ ಮಂಡಿಯಲ್ಲೇ ಮೆಟ್ಟಿಲು ಹತ್ತಿದಳು. ಎತ್ತಿಕೊಡ್ತೀನಿ ಅಂತ ಹಿಂದೆ ಬಂದ ಮಗನಿಗೆ ಅವಕಾಶ ಕೊಡಲಿಲ್ಲ.

ಸಂಜೆ ಮೇಜಿನ ಮೇಲೆ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಇತ್ತು. ಮಗ ಮೂರು ಸಲ ಗಂಟಲು ಸರಿ ಮಾಡಿಕೊಂಡ.

"ಏನ್ರೀ, ಆಲೂಗಡ್ಡೆ ಸಿಕ್ಕಿಹಾಕಿಕೊಂಡಿತಾ?" ಅಂದಳು ಸೊಸೆ.

"ಅಮ್ಮ ಕೊಟ್ಟಿಲ್ಲ. ಕೊಟ್ಟಿದ್ದು ನಾನು." ಒಂದೇ ಉಸಿರಿಗೆ ಅಂಟಿನ ವಿಷಯ ಎಲ್ಲ ಹೇಳಿ ಮುಗಿಸಿದ.

ಮೊಮ್ಮಗಳು ಬಾಯಿ ತೆರೆದು ಕೂತಳು. "ಅಪ್ಪ, ನಿನಗೆ ದೊರೆ ಕಂಡ್ರೆ ಆಗಲ್ಲ ಅಲ್ವಾ? ರೋಗದ ಗಂಟು ಅಂತಿದ್ದೆ?"

"ಅಂತಿದ್ದೆ."

"ಕೆಳಗೆ ಬೆರಳು ನೆಕ್ಕಿಸ್ತಿದ್ದೆ?"

"ನೆಕ್ಕಿಸ್ತಿದ್ದೆ ಕಣೇ, ಎಷ್ಟು ಸಲ ಹೇಳಿಸ್ತೀಯ?"

"ಗೋದಾಮಿಗೆ ಬೆಕ್ಕಲ್ಲ, ನಿಮ್ಮನ್ನ ಕಳಿಸಬೇಕು," ಅಂದಳು ಸೊಸೆ. ಆಮೇಲೆ ಅತ್ತೆಯ ಕಡೆ ತಿರುಗಿ, "ನಾನೂ ನಂಬಲಿಲ್ಲ ಅತ್ತೆ. ಕೇಳಿದ ರೀತಿ ಸರಿ ಇರಲಿಲ್ಲ," ಅಂದಳು.

ಮೊಮ್ಮಗಳು ಎದ್ದು ಬಂದು ಅಜ್ಜಿಯ ಬೆನ್ನಿಗೆ ಮುಖ ಒತ್ತಿ ನಿಂತಳು.

"ಸಾಕು ಸಾಕು, ಸೆಖೆ," ಅಂದಳು ಸೌಟಮ್ಮ. "ಈಗ ನನ್ನ ಮಾತು ಕೇಳಿ. ಕಾವಲುಗಾರನಿಗೆ ಬರಬೇಡ ಅಂತ ಹೇಳಿ. ಅಂಗಡಿ ಕಿಟಕಿಗೆ ಜಾಲರಿ, ಬಾಗಿಲಿಗೆ ಅಗುಳಿ. ಮೇಲೆ ಬರೋ ಮುಂಚೆ ನೀನು ಸೋಪು ಹಾಕಿ ಮೊಣಕೈವರೆಗೆ ತೊಳಿ, ಆ ಅಂಟಿನ ಬಟ್ಟೆ ಕೆಳಗೇ ಬಿಟ್ಟು ಬಾ. ಎರಡು ತಿಂಗಳ ಎಣಿಕೆ ಇವತ್ತಿಂದ. ಮೊಲದ ದುಡ್ಡು ಇನ್ನು ನಿನ್ನ ಸಂಪಾದನೇಲಿ."

"ಆಯ್ತು. ನಾಳೆಯಿಂದ ಅಡುಗೆ?" ಅಂದ ಮಗ, ಆಸೆಯಿಂದ.

"ಮಾಡ್ತೀನಿ. ಭಾನುವಾರ ಮಾತ್ರ ಮಾಡಲ್ಲ. ಭಾನುವಾರ ನಿನ್ನದು."

"ನನ್ನದಾ? ಅಮ್ಮ, ನನ್ನ ಅಡುಗೆ ನೋಡಿದೀಯಲ್ಲ."

"ನೋಡಿದೀನಿ. ಅದಕ್ಕೇ ಅಭ್ಯಾಸ ಆಗಬೇಕು ಅಂತಿರೋದು."

ಈ ಸಲ ಗಾಯ ಹಿಂದಕ್ಕೆ ಬರಲಿಲ್ಲ. ಮೊದಲು ಕೆರೆತ ನಿಂತಿತು, ಆಮೇಲೆ ಹಕ್ಕಳೆ ಉದುರಿತು. ಬೋಳು ಹೊಟ್ಟೆಯ ಮೇಲೆ ಪೀಚ್ ಹಣ್ಣಿನ ಸಿಪ್ಪೆಯಂಥ ನವಿರು ಎದ್ದಿತು. ಎರಡು ತಿಂಗಳು ತುಂಬಿದಾಗ ಡಾಕ್ಟ್ರಮ್ಮ, ಅನುಮಾನ ಉಳಿಯಬಾರದು, ಈಗ ದಿನಕ್ಕೆ ದನದ ಮಾಂಸದ ಒಂದು ಚೂರು ಕೊಟ್ಟು ನೋಡಿ ಅಂದಳು. ಮಗ ನನ್ನ ಕೈಲಿ ಆಗಲ್ಲ ಅಂತ ಕೆಳಗೆ ಹೋದ. ಸೊಸೆಯೇ ತಂದು, ಬೇಯಿಸಿ, ಕೊಟ್ಟಳು. ಮೂರು ದಿನದೊಳಗೆ ದೊರೆ ಕಿವಿ ಕೆರೆಯಲು ಶುರುಮಾಡಿತು. ಅಲ್ಲಿಗೇ ನಿಲ್ಲಿಸಿದರು. ಮತ್ತೆ ತಿಳಿಯಾಯಿತು. ಆಮೇಲೆ ಹಾಲಿನ ಸರದಿ, ಅದಕ್ಕೂ ಕೆರೆತ. ಕೋಳಿ ಕೊಟ್ಟು ಹಲವು ವಾರ ನೋಡಿದರು, ಏನೂ ಆಗಲಿಲ್ಲ.

ಹೀಗಾಗಿ ದುಬಾರಿ ಮೊಲ ನಿಂತಿತು. ಈಗ ದೊರೆಗೆ ಕೋಳಿ ಮಾಂಸ, ಬಿಳಿ ಪುಡಿ, ಅದೇ ಕೆಂಪು ದಾರದ ಸೌಟು. ಕೆನೆ ಇನ್ನು ಯಾವತ್ತೂ ಇಲ್ಲ. ಹಾಲು ಕಾಯಿಸುವಾಗ ಅದು ಬಂದು ಕಾಲಿಗೆ ಸುತ್ತಿಕೊಂಡರೆ ಸೌಟಮ್ಮ ಇಲ್ಲ ಅಂತಾಳೆ, ಅಂದು ಬೇರೆ ಕಡೆ ತಿರುಗುತ್ತಾಳೆ. ಅವಳು ಒಮ್ಮೆ 'ಇಲ್ಲ' ಅಂದರೆ ಮನೆಯಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಭಾನುವಾರದ ಅನ್ನ ಈಗ ತಳ ಹತ್ತುವುದಿಲ್ಲ. ಮಗ ಕೆಳಗೆ ಬಾಗಿಲಿಗೆ ಅಗುಳಿ ಹಾಕಿಕೊಂಡು, ಒದ್ದೆ ಬಟ್ಟೆಗೆ ಬೆರಳು ಒರೆಸಿಕೊಳ್ಳುತ್ತ, ಒಬ್ಬನೇ ಕೆಲಸ ಮಾಡುತ್ತಾನೆ.